ಸಾಲದ ಕೊರಳಿಗೆ ಕ್ಯಾಮೆರಾ ಹಾಕ್ಬೇಡಿ

1/9

ಫೋಟೋ: ದಾವಣಗೆರೆ ಎಪಿಎಂಸಿ, ಬೆಳಗ್ಗೆ ಆರೂವರೆ. ಮೆಕ್ಕೆಜೋಳದ ಚೀಲಗಳ ಮೇಲೆ ಕೂತು ಚಹಾ ಕುಡೀತಿರೋ ಹಮಾಲರು. ಕೇಳಿಯೇ ತೆಗೆದದ್ದು.

ಡಿಗ್ರಿ ಮುಗಿದು ಎರಡು ವರ್ಷ ಆಯ್ತು. ನಮ್ಮ ಬ್ಯಾಚಿನಲ್ಲಿ ಫೋಟೋ ಜರ್ನಲಿಸಂ ಹುಚ್ಚು ಹತ್ತಿಸ್ಕೊಂಡಿದ್ದ ಏಳು ಜನರಲ್ಲಿ ನಾಲ್ಕು ಜನ ಈಗ ಪಿಜಿಗೆ ಅರ್ಜಿ ಹಾಕ್ತಿದ್ದಾರೆ. (ಬೆಂಗಳೂರಲ್ಲಿ ಪಿಜಿ ಅಂದ್ರೆ ಬಾಡಿಗೆ ಮಂಚ. ಇಲ್ಲಿ ಮಾತಾಡ್ತಿರೋದು ಸ್ನಾತಕೋತ್ತರ ಪದವಿ ಬಗ್ಗೆ.) ಜೂನಿಯರ್ಸ್ ಬೇರೆ ದಿನಾ ಕೇಳ್ತಾರೆ, "ಅಕ್ಕಾ, ಮಾಸ್ಟರ್ಸ್ ಮಾಡ್ಲಾ, ಬೇಡ್ವಾ?" ಒಬ್ಬೊಬ್ಬರಿಗೂ ವಾಯ್ಸ್ ನೋಟ್ ಕಳಿಸಿ ಗಂಟಲು ಕಟ್ಟಿದೆ. ಅದಕ್ಕೇ ಈ ಒಂಬತ್ತು ಪೋಸ್ಟ್. ಒಂದು ಕ್ಯಾಪ್ಶನ್‌ಗೆ 2200 ಅಕ್ಷರ ಅಷ್ಟೇ ಬಿಡ್ತಾರೆ, ತುಂಡು ತುಂಡಾಗಿ ಓದ್ಕೊಳ್ಳಿ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ, ಬೈಯೋರು ಈಗಲೇ ಶುರು ಮಾಡ್ಬಹುದು. ಫೋಟೋ ತೆಗೆಯೋದು ಕಲಿಯೋಕೆ ಅಂತ ಲಕ್ಷಗಟ್ಟಲೆ ಸಾಲ ಮಾಡಿ ಮಾಸ್ಟರ್ಸ್ ಮಾಡಬೇಡಿ. ಆ ಸಾಲವೇ ನಿಮ್ಮನ್ನ ಈ ವೃತ್ತಿಯಿಂದ ಆಚೆ ತಳ್ಳುತ್ತೆ. ಆದರೆ ಸಾಲ ಇಲ್ಲದೆ ಎರಡು ವರ್ಷ ಓದೋಕೆ ಸಿಕ್ಕರೆ ಬಿಡಬೇಡಿ. ಓದಿ, ಆದರೆ ಫೋಟೋಗ್ರಫಿ ಬಿಟ್ಟು ಬೇರೆ ಏನಾದ್ರೂ ಓದಿ.

ಎರಡು ಕಡೆಯವರಿಗೂ ಇದು ಹಿಡಿಸಲ್ಲ ಅಂತ ಗೊತ್ತು. ಪ್ರಾಸ್ಪೆಕ್ಟಸ್ ಹಂಚೋರಿಗೂ ಹಿಡಿಸಲ್ಲ, "ಡಿಗ್ರಿಯೆಲ್ಲ ವೇಸ್ಟು, ಕ್ಯಾಮೆರಾ ಎತ್ಕೊಂಡು ಬೀದಿಗೆ ಹೋಗಮ್ಮ" ಅಂತ ರೀಲ್ಸ್ ಮಾಡೋ ಅಣ್ಣಂದಿರಿಗೂ ಹಿಡಿಸಲ್ಲ. ಅಣ್ಣಂದಿರ ವಿಷಯಕ್ಕೆ ಏಳನೇ ಪೋಸ್ಟ್‌ನಲ್ಲಿ ಬರ್ತೀನಿ, ಅಲ್ಲೀವರೆಗೂ ತಾಳಿ.

2/9

ಫೋಟೋ: ನನ್ನ ಪಾಸ್‌ಬುಕ್. ನಾಚಿಕೆ ಏನಿಲ್ಲ.

ದುಡ್ಡಿನ ಮಾತು ಮೊದಲು, ಯಾಕಂದ್ರೆ ಪ್ರಾಸ್ಪೆಕ್ಟಸ್‌ನಲ್ಲಿ ಅದು ಯಾವಾಗಲೂ ಕೊನೇ ಪುಟದಲ್ಲಿರುತ್ತೆ.

10 ಲಕ್ಷ ಸಾಲ, ನೂರಕ್ಕೆ 10 ಬಡ್ಡಿ, 10 ವರ್ಷದ ಅವಧಿ ಅಂತ ಇಟ್ಕೊಳ್ಳಿ. ಫೋನಲ್ಲಿ ಇಎಂಐ ಕ್ಯಾಲ್ಕುಲೇಟರ್ ತೆಗೆದು ನೀವೇ ಹಾಕಿ ನೋಡಿ. ತಿಂಗಳ ಕಂತು 13,200 ರೂಪಾಯಿ ಚಿಲ್ಲರೆ. ಕಟ್ಟಿ ಮುಗಿಸೋ ಹೊತ್ತಿಗೆ 15 ಲಕ್ಷದ 85 ಸಾವಿರ. ಓದೋ ಎರಡು ವರ್ಷದಲ್ಲಿ ಸದ್ದಿಲ್ಲದೆ ಏರೋ ಬಡ್ಡಿ ಇದರಲ್ಲಿ ಸೇರಿಲ್ಲ.

ಇನ್ನೊಂದು ಕಡೆ ಏನಿದೆ ನೋಡೋಣ. ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿ ನನಗೆ ಸಿಕ್ಕ ಮೊದಲ ದರ ಅಚ್ಚಾದ ಫೋಟೋಗೆ 150 ರೂಪಾಯಿ. ಅಚ್ಚಾಗದ್ದಕ್ಕೆ ಸೊನ್ನೆ. ಪೆಟ್ರೋಲ್ ನಮ್ಮದೇ. ಪತ್ರಿಕೆಯ ಹೆಸರು ಬೇಡ, ಬೇರೆ ಕಡೆ ಇದಕ್ಕಿಂತ ಜಾಸ್ತಿ ಕೊಡೋರೂ ಇದ್ದಾರೆ, ಏನೂ ಕೊಡದೆ "ಹೆಸರು ಹಾಕ್ತೀವಲ್ಲ" ಅನ್ನೋರೂ ಇದ್ದಾರೆ. ಆ 150ರ ಲೆಕ್ಕದಲ್ಲಿ ಕಂತು ಒಂದನ್ನೇ ಕಟ್ಟೋಕೆ ತಿಂಗಳಿಗೆ 88 ಫೋಟೋ ಅಚ್ಚಾಗಬೇಕು. ನಮ್ಮ ಜಿಲ್ಲಾ ಪುಟಕ್ಕೆ ದಿನಕ್ಕೆ ಮೂರು ಫೋಟೋ ಹೋದ್ರೆ ಹಬ್ಬ. ಅದರಲ್ಲಿ ಎರಡು ಸಸಿ ನೆಡೋ ಶಾಸಕರದ್ದು.

ಮದುವೆ ಸೀಸನ್‌ನಲ್ಲಿ ಎರಡನೇ ಕ್ಯಾಮೆರಾ ಆಗಿ ನಿಂತರೆ ನನಗೆ ದಿನಕ್ಕೆ 3,500 ಸಿಗುತ್ತೆ. ನಿಲ್ತೀನಿ. ಮದುವೆ ಫೋಟೋಗ್ರಫಿ ಕೀಳು ಅಂತ ಯಾರಾದ್ರೂ ಇಲ್ಲಿ ಬರೆದ್ರೆ ಬ್ಲಾಕ್ ಮಾಡ್ತೀನಿ, ನನ್ನ ಲೆನ್ಸ್ ಕೊಡಿಸಿದ್ದೇ ಆ ಛತ್ರಗಳು. ವ್ಯತ್ಯಾಸ ಇರೋದು ಬೇರೆ ಕಡೆ. ಸಾಲ ಇಲ್ಲದವಳು ತಿಂಗಳಿಗೆ ನಾಲ್ಕು ಮದುವೆ ಮುಗಿಸಿ ಉಳಿದ ದಿನ ತನ್ನ ಸ್ಟೋರಿ ಹಿಂದೆ ಹೋಗಬಹುದು. ಸಾಲ ಇರೋಳು ಮುಹೂರ್ತ ಇರೋ ಒಂದು ದಿನವನ್ನೂ ಬಿಡೋ ಹಾಗಿಲ್ಲ. ಆಷಾಢ ಬಂತು ಅಂದ್ರೆ ಬರ್ತ್‌ಡೇ, ನಾಮಕರಣ, ಸೈಟಿನ ಬ್ರೋಷರ್. ಮೂರು ವರ್ಷ ಹೀಗೆ ಕಳೆದ ಮೇಲೆ ಕೈಲಿ ಕ್ಯಾಮೆರಾ ಇರುತ್ತೆ, ಗೋಡೆ ಮೇಲೆ ಡಿಗ್ರಿ ಇರುತ್ತೆ, ಸುದ್ದಿ ಒಂದೂ ಇರಲ್ಲ.

ಈ ವೃತ್ತಿಯಲ್ಲಿ ಮೊದಲ ಐದು ವರ್ಷ ಬೇಕಾಗೋದು ಕಡಿಮೆ ದುಡ್ಡಲ್ಲಿ ಬದುಕೋ ಸ್ವಾತಂತ್ರ್ಯ. ನಿಮ್ಮ ಹತ್ರ ಇರೋ ಬಂಡವಾಳ ಅದೊಂದೇ. ಸಾಲ ಮೊದಲು ತಿನ್ನೋದೂ ಅದನ್ನೇ.

3/9

ಫೋಟೋ: ಇಲ್ಲ. ಖಾಲಿ ಬಿಟ್ಟಿದ್ದೀನಿ, ಯಾಕೆ ಅಂತ ಓದಿದ್ರೆ ಗೊತ್ತಾಗುತ್ತೆ.

ಜೂನಿಯರ್ ಒಬ್ಬಳು ಹೋದ ವಾರ ಡಿಎಂ ಮಾಡಿದ್ಲು. ಹೊರದೇಶದಲ್ಲಿ ಫೋಟೋ ಜರ್ನಲಿಸಂ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಖರ್ಚೆಲ್ಲ ಸೇರಿ 40 ಲಕ್ಷ. ಅವಳ ಅಪ್ಪ, "ತೋಟ ಅಡ ಇಡೋಣ ಮಗಳೇ, ನೀನು ಹೋಗು" ಅಂದಿದ್ದಾರಂತೆ. ಎರಡು ಎಕರೆ ಅಡಿಕೆ. ಆ ತೋಟದ ಫೋಟೋ ನನ್ನ ಹತ್ರ ಇದೆ, ಅವಳೇ ಕಳಿಸಿದ್ದು. ಹಾಕಲ್ಲ. ಗುರುತು ಸಿಗುತ್ತೆ.

ಅವಳಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳ್ತೀನಿ. ಅದೇ ಲೆಕ್ಕದಲ್ಲಿ 40 ಲಕ್ಷಕ್ಕೆ ಕಂತು ತಿಂಗಳಿಗೆ 52,800 ದಾಟುತ್ತೆ. ಇದನ್ನ ರೂಪಾಯಿ ಸಂಬಳದಲ್ಲಿ ಕಟ್ಟೋಕಾಗಲ್ಲ, ಅಲ್ಲೇ ಕೆಲಸ ಹಿಡೀಬೇಕು. ಅಮೆರಿಕ ಅಂತ ಇಟ್ಕೊಳ್ಳಿ. ಓದು ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡೋಕೆ ಬಿಡ್ತಾರೆ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಅದರ ಮೇಲೆ ಇನ್ನೂ 24 ತಿಂಗಳ ವಿಸ್ತರಣೆ ಇದೆ. ಫೋಟೋ ಜರ್ನಲಿಸಂ ಆ ಪಟ್ಟಿಯಲ್ಲಿಲ್ಲ. ನಿಮ್ಮ ಅಣ್ಣ ಕಂಪ್ಯೂಟರ್ ಸೈನ್ಸ್ ಮಾಡೋಕೆ ಹೋದಾಗ ನಡೆದ ಲೆಕ್ಕ ನಿಮಗೆ ನಡೆಯಲ್ಲ ಅನ್ನೋದು ಇದಕ್ಕೇ. ಮನೆಯಲ್ಲಿ ಇದನ್ನ ಬಿಡಿಸಿ ಹೇಳಿ, ಅಪ್ಪಂದಿರಿಗೆ ಎರಡೂ "ಅಮೆರಿಕದ ಮಾಸ್ಟರ್ಸ್" ಅಷ್ಟೇ.

ಅಲ್ಲಿಯ ಕೆಲಸಗಳ ಕಥೆಯೂ ಕೇಳಿ. 2013ರ ಮೇ ತಿಂಗಳಲ್ಲಿ ಷಿಕಾಗೋ ಸನ್-ಟೈಮ್ಸ್ ಪತ್ರಿಕೆ ತನ್ನ 28 ಜನ ಫೋಟೋಗ್ರಾಫರ್‌ಗಳನ್ನೂ ಒಂದೇ ದಿನ ಮನೆಗೆ ಕಳಿಸಿತು. ಅದರಲ್ಲಿ ಜಾನ್ ಎಚ್. ವೈಟ್ ಇದ್ರು, 1982ರಲ್ಲಿ ಪುಲಿಟ್ಜರ್ ಗೆದ್ದವರು. ವರದಿಗಾರರಿಗೆ ಐಫೋನ್‌ನಲ್ಲಿ ಫೋಟೋ ತೆಗೆಯೋ ತರಬೇತಿ ಕೊಟ್ರು. ಪುಲಿಟ್ಜರ್ ಇದ್ದವರಿಗೇ ಉಳಿಗಾಲ ಇಲ್ಲದ ಪೇಟೆಯಲ್ಲಿ ನಮ್ಮ ಅಡಿಕೆ ತೋಟವನ್ನ ಪಣಕ್ಕೆ ಇಡ್ಬೇಕಾ?

ಸ್ಕಾಲರ್‌ಶಿಪ್ ಸಿಕ್ಕರೆ ಮಾತೇ ಬೇರೆ, ಕಣ್ಣು ಮುಚ್ಕೊಂಡು ಹೋಗಿ. ಚೀವ್ನಿಂಗ್ ಇದೆ, ಪೂರ್ತಿ ಖರ್ಚು ಕೊಡ್ತಾರೆ, ಆದರೆ ಎರಡು ವರ್ಷದ ಕೆಲಸದ ಅನುಭವ ಕೇಳ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ "ಪ್ರಬುದ್ಧ" ಯೋಜನೆ ಇದೆ. ವಿದೇಶಿ ಓದಿಗೇ ಇರೋದು, ನಮ್ಮಲ್ಲಿ ಎಷ್ಟೋ ಜನಕ್ಕೆ ಹೆಸರೇ ಗೊತ್ತಿಲ್ಲ. ನಿಯಮ ವರ್ಷ ವರ್ಷ ಬದಲಾಗುತ್ತೆ, ಇಲಾಖೆಗೇ ಹೋಗಿ ಕೇಳಿ. ಏಜೆಂಟ್ ಹತ್ರ ಅಲ್ಲ.

ಅಡ ಇಟ್ಟ ಜಮೀನಿನ ಸಾಲ ಪಹಣಿಯ 11ನೇ ಕಾಲಂನಲ್ಲಿ ಬರುತ್ತೆ. ನಿಮ್ಮ ಅಪ್ಪ ಆ ಕಾಗದವನ್ನ ಪ್ರತಿ ವರ್ಷ ಕೈಲಿ ಹಿಡೀತಾರೆ.

4/9

ಫೋಟೋ: ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಗಡಿ, ಮೈಸೂರು.

"ಹಾಗಾದ್ರೆ ದೊಡ್ಡವರೆಲ್ಲ ಎಲ್ಲಿ ಕಲಿತ್ರು?" ಒಳ್ಳೆ ಪ್ರಶ್ನೆ.

ನಮ್ಮವರಿಂದಲೇ ಶುರು ಮಾಡೋಣ. ಟಿ.ಎಸ್. ಸತ್ಯನ್. ಮೈಸೂರಿನವರು, 1923ರಲ್ಲಿ ಹುಟ್ಟಿದವರು, ಮಹಾರಾಜ ಕಾಲೇಜಿನಲ್ಲಿ ಬಿ.ಎ. ಅದೇ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಶುರುವಾದದ್ದು 1951ರಲ್ಲಿ, ಅಷ್ಟರಲ್ಲಿ ಇವರು ಓದು ಮುಗಿಸಿ ಆಗಿತ್ತು. ಡೆಕ್ಕನ್ ಹೆರಾಲ್ಡ್‌ನಲ್ಲಿ ಕೆಲಸ ಮಾಡಿದ್ರು, ಲೈಫ್ ಪತ್ರಿಕೆಗೆ ತೆಗೆದ್ರು, ಯುನಿಸೆಫ್‌ಗಾಗಿ ಮಕ್ಕಳ ಫೋಟೋ ತೆಗೆದ್ರು, 1977ರಲ್ಲಿ ಪದ್ಮಶ್ರೀ. ಆ ಮಕ್ಕಳ ಫೋಟೋ ನೋಡಿಲ್ಲ ಅಂದ್ರೆ ಈ ಪೋಸ್ಟ್ ಇಲ್ಲೇ ಬಿಟ್ಟು ಹೋಗಿ ನೋಡ್ಕೊಂಡು ಬನ್ನಿ.

ರಘು ರಾಯ್ ಓದಿದ್ದು ಸಿವಿಲ್ ಎಂಜಿನಿಯರಿಂಗ್, ಕ್ಯಾಮೆರಾ ಕೈಗೆ ಬಂದಿದ್ದು ಅಣ್ಣ ಎಸ್. ಪಾಲ್ ಕಡೆಯಿಂದ. ಹೋಮಾಯ್ ವ್ಯಾರಾವಾಲಾ ಮುಂಬೈನ ಜೆ.ಜೆ. ಕಲಾ ಶಾಲೆಗೆ ಹೋಗಿದ್ರು, ಆದರೆ ಫೋಟೋಗ್ರಫಿ ಕಲಿತದ್ದು ಮಾಣೆಕ್‌ಷಾ ಹತ್ರ, ಆಮೇಲೆ ಅವರನ್ನೇ ಮದುವೆ ಆದ್ರು. ಮೊದಮೊದಲು ಇವರು ತೆಗೆದ ಫೋಟೋ ಅಚ್ಚಾಗಿದ್ದು ಅವರ ಹೆಸರಲ್ಲಿ! ಮದುರೈನ ಎಂ. ಪಳನಿ ಕುಮಾರ್, ಮೀನು ಮಾರೋ ತಾಯಿಯ ಮಗ, ಮಲ ಹೊರುವ ಕೆಲಸದವರ ಬದುಕನ್ನ ವರ್ಷಗಟ್ಟಲೆ ಹಿಂಬಾಲಿಸಿದವರು. 2022ರಲ್ಲಿ ದಯಾನಿತಾ ಸಿಂಗ್-ಪರಿ ಪ್ರಶಸ್ತಿ ಮೊದಲು ಸಿಕ್ಕಿದ್ದೇ ಅವರಿಗೆ.

ಇದನ್ನ ಇಲ್ಲಿಗೇ ನಿಲ್ಲಿಸಿದ್ರೆ ನಾನೂ ರೀಲ್ಸ್ ಅಣ್ಣ ಆಗ್ತೀನಿ. ಇನ್ನೊಂದು ಪಟ್ಟಿ ಇದೆ. ಡ್ಯಾನಿಷ್ ಸಿದ್ದೀಕಿ ದೆಹಲಿಯ ಜಾಮಿಯಾದಲ್ಲಿ ಅರ್ಥಶಾಸ್ತ್ರ ಓದಿ, ಅಲ್ಲೇ ಸಮೂಹ ಸಂವಹನದಲ್ಲಿ ಮಾಸ್ಟರ್ಸ್ ಮಾಡಿದವರು. ಮೊದಲು ಟಿ.ವಿ. ವರದಿಗಾರ, 2010ರಲ್ಲಿ ರಾಯ್ಟರ್ಸ್‌ಗೆ ಸೇರಿದ್ದು ಇಂಟರ್ನ್ ಆಗಿ. 2018ರಲ್ಲಿ ರೋಹಿಂಗ್ಯಾ ಫೋಟೋಗಳಿಗೆ ತಂಡದ ಜೊತೆ ಪುಲಿಟ್ಜರ್, 2021ರ ಜುಲೈನಲ್ಲಿ ಕಂದಹಾರ್‌ನಲ್ಲಿ ಸಾವು, ಸತ್ತ ಮೇಲೆ 2022ರಲ್ಲಿ ಎರಡನೇ ಪುಲಿಟ್ಜರ್. ಅದೇ 2022ರ ತಂಡದಲ್ಲಿದ್ದ ಸನ್ನಾ ಇರ್ಷಾದ್ ಮಟ್ಟೂ ಕಾಶ್ಮೀರದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಮಾಸ್ಟರ್ಸ್ ಮಾಡಿದವರು. ಗಮನಿಸಿ, ಎರಡೂ ಸರ್ಕಾರಿ ವಿಶ್ವವಿದ್ಯಾಲಯ.

ನನ್ನ ವಾದಕ್ಕೆ ನಿಜವಾಗಿ ಅಡ್ಡ ಬರೋ ಮನುಷ್ಯ ಕಿಶೋರ್ ಪಾರೇಖ್. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ವಾಪಸ್ ಬಂದು ಹಿಂದೂಸ್ತಾನ್ ಟೈಮ್ಸ್‌ನ ಮುಖ್ಯ ಫೋಟೋಗ್ರಾಫರ್ ಆದ್ರು. 1971ರಲ್ಲಿ ಯಾರೂ ಕಳಿಸದೆ ತಾವೇ ಬಾಂಗ್ಲಾಕ್ಕೆ ಹೋಗಿ ತೆಗೆದ ಫೋಟೋ ಇವತ್ತಿಗೂ ಎದೆ ನಡುಗಿಸುತ್ತೆ. ಅಲ್ಲಿ ಕಲಿತದ್ದು ಅವರಿಗೆ ಉಪಯೋಗಕ್ಕೆ ಬಂದೇ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಅವರು ವಾಪಸ್ ಬಂದಾಗ ಪತ್ರಿಕೆಯಲ್ಲಿ ಅವರಿಗೆ ಒಂದು ಕುರ್ಚಿ ಇತ್ತು. ನಿಮಗೆ ಇರೋದು ವಾಟ್ಸ್ಆ್ಯಪ್ ಗ್ರೂಪು.

5/9

ಫೋಟೋ: ಪಾವಗಡ ಸೋಲಾರ್ ಪಾರ್ಕ್. ಇದು ನನ್ನ ಕೆಟ್ಟ ಫೋಟೋಗಳಲ್ಲಿ ಒಂದಲ್ಲ, ಆದರೂ ಇದರಿಂದ ಏನೂ ಗೊತ್ತಾಗಲ್ಲ. ಅದಕ್ಕೇ ಹಾಕಿದ್ದು.

ಈ ಸರಣಿಯಲ್ಲಿ ಒಂದೇ ಪೋಸ್ಟ್ ಓದೋದಾದ್ರೆ ಇದನ್ನ ಓದಿ.

ಪಾವಗಡದಲ್ಲಿ ತಿರುಮಣಿ ಸುತ್ತಮುತ್ತ ಐದು ಹಳ್ಳಿ, 13,000 ಎಕರೆ, 2,050 ಮೆಗಾವ್ಯಾಟ್. ಗೂಗಲ್ ಮಾಡಿದ್ರೆ ಎಲ್ಲ ಒಂದೇ ಫೋಟೋ, ಡ್ರೋನ್ ಮೇಲಿಂದ ನೀಲಿ ಹಲಗೆಗಳ ಸಮುದ್ರ. ಚೆಂದ ಇದೆ. ಕಂಪೋಸಿಷನ್, ಲೀಡಿಂಗ್ ಲೈನ್ಸ್, ಗೋಲ್ಡನ್ ಅವರ್, ಎಲ್ಲ ಸರಿ ಇದೆ. ಎರಡು ವರ್ಷದ ಫೋಟೋ ಕೋರ್ಸ್ ನಿಮ್ಮನ್ನ ಕರ್ಕೊಂಡು ಹೋಗಿ ನಿಲ್ಲಿಸೋದು ಬಹುಪಾಲು ಅಲ್ಲೇ.

ಈಗ ಕೆಳಗಿಳಿಯಿರಿ. ಆ ಜಮೀನನ್ನ ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಕೈಕೊಡೋ ತಾಲ್ಲೂಕು ಅದು, ಕಡಲೆಕಾಯಿ ಹಾಕಿ ಕೈ ಸುಟ್ಟುಕೊಂಡವರಿಗೆ ಅದು ಸಣ್ಣ ದುಡ್ಡಲ್ಲ. ಜಮೀನು ಇದ್ದವರಿಗೆ ಬಾಡಿಗೆ ಬಂತು. ಇಲ್ಲದವರಿಗೆ? ಹೊಲದ ಕೂಲಿ ಹೋಯ್ತು, ಕುರಿ ಮೇಯಿಸೋ ಜಾಗಕ್ಕೆ ಬೇಲಿ ಬಿತ್ತು, ಗುತ್ತಿಗೆ ಹಣದಲ್ಲಿ ಪೈಸೆ ಇಲ್ಲ. ಅಂದ್ರೆ ಅಲ್ಲಿಯ ಕಥೆ ಇರೋದು ಯಾರ ಹೆಸರು ಕಾಗದದಲ್ಲಿದೆ, ಯಾರದ್ದು ಇಲ್ಲ ಅನ್ನೋದ್ರಲ್ಲಿ. ಆ ಕಥೆಯನ್ನ ಫೋಟೋದಲ್ಲಿ ಹಿಡೀಬೇಕು ಅಂದ್ರೆ ಮೊದಲು ಪಹಣಿ ಓದೋಕೆ ಬರಬೇಕು. 9ನೇ ಕಾಲಂನಲ್ಲಿ ಮಾಲೀಕ ಯಾರು, 12ರಲ್ಲಿ ಸಾಗುವಳಿ ಮಾಡ್ತಿದ್ದವರು ಯಾರು. ಎರಡರಲ್ಲೂ ಹೆಸರಿಲ್ಲದ, ಆದರೆ ಮೂವತ್ತು ವರ್ಷ ಆ ಮಣ್ಣಲ್ಲಿ ಕಳೆ ಕಿತ್ತ ಹೆಂಗಸು ಯಾರು. ಅವಳನ್ನ ಹುಡುಕೋದು, ಅವಳ ಮನೆ ಮುಂದೆ ಎರಡು ದಿನ ಸುಮ್ಮನೆ ಕೂರೋದು, ಆಮೇಲೆ ಕ್ಯಾಮೆರಾ ತೆಗೆಯೋದು. ಅಲ್ಲಿ ಮನೆಮಾತು ಎಷ್ಟೋ ಕಡೆ ತೆಲುಗು, ಅದೂ ನಾಲ್ಕು ಮಾತು ಬರಬೇಕು.

ಅಪರ್ಚರ್ ಕಲಿಯೋಕೆ ಒಂದು ವಾರ ಸಾಕು. ಬೆಳಕು ನೋಡೋದು ಕಲಿಯೋಕೆ ಒಂದೆರಡು ವರ್ಷ, ಅದನ್ನೂ ದಿನಾ ತೆಗೆದೇ ಕಲೀಬೇಕು, ಕ್ಲಾಸಲ್ಲಿ ಆಗಲ್ಲ. ಪಹಣಿಯಲ್ಲಿ ಹೆಸರಿಲ್ಲದವಳು ಇದ್ದಾಳೆ ಅನ್ನೋದು ತಲೆಗೆ ಹೊಳೀಬೇಕು ಅಂದ್ರೆ ಭೂಸುಧಾರಣೆಯ ಚರಿತ್ರೆ ಗೊತ್ತಿರಬೇಕು, ಜಾತಿ ಗೊತ್ತಿರಬೇಕು, ಮಳೆ ಲೆಕ್ಕ ಗೊತ್ತಿರಬೇಕು. ಅದು ಓದಿನಿಂದಲೇ ಬರೋದು, ಬಹಳ ಓದಿನಿಂದ. ಪಿ. ಸಾಯಿನಾಥ್ ಜೆಎನ್‌ಯುನಲ್ಲಿ ಓದಿದ್ದು ಇತಿಹಾಸ. ಹಳ್ಳಿ ಹೆಂಗಸರ ದುಡಿಮೆಯ ಬಗ್ಗೆ ಅವರು ತೆಗೆದ ಫೋಟೋಗಳ ಪ್ರದರ್ಶನ ಊರೂರು ತಿರುಗಿದೆ. ಅವುಗಳಲ್ಲಿ ಎಷ್ಟು ಶಾರ್ಪ್ ಇವೆ ಅಂತ ಯಾರೂ ಕೇಳಿದ್ದು ಗೊತ್ತಿಲ್ಲ.

ಹಾಗಾಗಿ ನನ್ನ ಸಲಹೆ. ಮಾಸ್ಟರ್ಸ್ ಮಾಡ್ಲೇಬೇಕು ಅನ್ನಿಸಿದ್ರೆ ಇತಿಹಾಸ ಮಾಡಿ, ಸಮಾಜಶಾಸ್ತ್ರ ಮಾಡಿ, ಗ್ರಾಮೀಣಾಭಿವೃದ್ಧಿ ಮಾಡಿ, ಮೂರು ವರ್ಷ ಆಗುತ್ತೆ ಅಂದ್ರೂ ಎಲ್‌ಎಲ್‌ಬಿ ಮಾಡಿ. ಕ್ಯಾಮೆರಾ ಹೆಗಲಲ್ಲೇ ಇರಲಿ.

6/9

ಫೋಟೋ: ಕೋರ್ಟ್ ಆವರಣ. ಒಳಗೆ ತೆಗೆಯೋ ಹಾಗಿಲ್ಲ.

ಎಲ್‌ಎಲ್‌ಬಿ ಅಂದಿದ್ದಕ್ಕೆ ನಗ್ತಿದ್ದೀರಿ. ಸರಿ, ನಮ್ಮ ಮೂರು ವರ್ಷದ ಡಿಗ್ರಿಯಲ್ಲಿ ಇದನ್ನ ಯಾರಾದ್ರೂ ಹೇಳಿದ್ರಾ ನೋಡಿ.

ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳಾದ್ರೆ ಪೋಕ್ಸೊ 23ನೇ ಸೆಕ್ಷನ್. ಮುಖ ಮಸುಕು ಮಾಡಿದ್ರೆ ಸಾಲದು. ಮನೆ, ಶಾಲೆ, ಬೀದಿ, ಅಪ್ಪನ ಅಂಗಡಿ ಬೋರ್ಡು, ಯಾವುದರಿಂದ ಗುರುತು ಸಿಕ್ಕಿದ್ರೂ ತಪ್ಪೇ. ಮಗುವಿನ ಮುಖಕ್ಕೆ ಕಪ್ಪು ಪಟ್ಟಿ ಎಳೆದು, ಹಿಂದೆ ಊರ ಬಾಗಿಲ ಕಮಾನನ್ನ ಪೂರ್ತಿ ತೋರಿಸಿದ ಫೋಟೋ ನಾವೆಲ್ಲ ನೋಡಿದ್ದೀವಿ.

ಇನ್ನೊಂದು ನಿಮ್ಮ ಹೊಟ್ಟೆಪಾಡಿನದ್ದು. 1957ರ ಕಾಪಿರೈಟ್ ಕಾಯ್ದೆ, 17ನೇ ಸೆಕ್ಷನ್. ಪತ್ರಿಕೆಯಲ್ಲಿ ನೌಕರಿಗಿದ್ದು ತೆಗೆದ ಫೋಟೋ ಆದ್ರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಪತ್ರಿಕೆಗಳಲ್ಲಿ ಅಚ್ಚು ಹಾಕೋ ಹಕ್ಕು ಮಾಲೀಕರದ್ದು, ಉಳಿದ ಹಕ್ಕು ನಿಮ್ಮದು. ನೌಕರರೇ ಅಲ್ಲದ, ಯಾರೂ ಹೇಳಿ ಮಾಡಿಸದ ಫ್ರೀಲಾನ್ಸ್ ಫೋಟೋ ಪೂರ್ತಿ ನಿಮ್ಮದು, ನೀವೇ ಬರೆದು ಕೊಡೋವರೆಗೆ. ಈಗ ಹೋಗಿ ಆ ಸ್ಟ್ರಿಂಗರ್ ಒಪ್ಪಂದದ ಎರಡನೇ ಪುಟ ಓದಿ. "ಸಕಲ ಹಕ್ಕುಗಳೂ ಶಾಶ್ವತವಾಗಿ" ಅಂತ ಇದ್ರೆ ನೀವು 150 ರೂಪಾಯಿಗೆ ಏನು ಮಾರಿದ್ರಿ ಅಂತ ಗೊತ್ತಾಗುತ್ತೆ.

ಲಕ್ಷಾಂತರ ರೂಪಾಯಿಯ ಕೋರ್ಸಿನ ಸಿಲಬಸ್ ತೆರೆದಾಗ ನಾನು ಮೊದಲು ಹುಡುಕೋದು ಇವನ್ನೇ. ಇವಿಲ್ಲದೆ "ವಿಷುವಲ್ ಪೊಯೆಟಿಕ್ಸ್" ಅಂತ ಒಂದು ಪೇಪರ್ ಇದ್ರೆ ಆ ಪಿಡಿಎಫ್ ಮುಚ್ಚಿಬಿಡಿ.

7/9

ಫೋಟೋ: ಹೆಣ್ಣುಮಕ್ಕಳ ಹಾಸ್ಟೆಲ್, ರಾತ್ರಿ ಹತ್ತು. ಕಾರಿಡಾರಿನ ಬೆಳಕು.

ಈಗ ಅಣ್ಣಂದಿರು.

"ಬೀದಿಯೇ ಯೂನಿವರ್ಸಿಟಿ" ಅಂತೀರಲ್ಲ ಅಣ್ಣ, ಯಾವ ಬೀದಿ? ಬೆಂಗಳೂರಲ್ಲಿ ಸ್ವಂತ ಮನೆ, ಅಪ್ಪನ ಸ್ಕೂಟರ್, ರಾತ್ರಿ ಹನ್ನೊಂದಕ್ಕೆ ಬಂದ್ರೂ ಬಡಿಸೋ ಅಮ್ಮ ಇದ್ದವರಿಗೆ ಬೀದಿ ಯೂನಿವರ್ಸಿಟಿನೇ. ಹರಿಹರದ ಹತ್ರದ ಹಳ್ಳಿಯ ಹುಡುಗಿಗೆ ಡಿಗ್ರಿ ಮುಗಿದ ದಿನದಿಂದ ಮನೆಯಲ್ಲಿ ಗಂಡು ನೋಡೋಕೆ ಶುರು ಮಾಡ್ತಾರೆ. "ಫೋಟೋ ತೆಗೆಯೋಕೆ ಊರೂರು ತಿರುಗ್ತೀನಿ" ಅಂದ್ರೆ ಬಾಗಿಲು ಹಾಕ್ತಾರೆ. "ಎಂ.ಎ. ಮಾಡ್ತೀನಿ" ಅಂದ್ರೆ ಒಪ್ಪಲೂಬಹುದು. ಅದಕ್ಕೆ ಮರ್ಯಾದೆ ಇದೆ, ನೆಂಟರಿಗೆ ಹೇಳ್ಕೋಬಹುದು.

ಇಲ್ಲಿ ಆ ಎಂ.ಎ. ಒಂದು ಗೇಟ್‌ಪಾಸ್. ಮಾನಸಗಂಗೋತ್ರಿ, ಮಂಗಳಗಂಗೋತ್ರಿ, ಶಂಕರಘಟ್ಟ, ಧಾರವಾಡ, ಎಲ್ಲಾ ಕಡೆ ಪತ್ರಿಕೋದ್ಯಮದ ಎಂ.ಎ. ಇದೆ, ಬೇರೆ ವಿಷಯಗಳೂ ಇವೆ. ಎರಡು ವರ್ಷದ ಶುಲ್ಕ ಒಂದು ಒಳ್ಳೆ 70-200 ಲೆನ್ಸಿನ ಬೆಲೆಗಿಂತ ಕಡಿಮೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ, ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಹಾಸ್ಟೆಲ್ ಹಿಡೀರಿ. ಪಾಠ ಹೇಗಿರುತ್ತೆ ಅಂತ ಕೇಳ್ಬೇಡಿ, ಕೆಲವು ಕಡೆ ಇವತ್ತಿಗೂ ಡಾರ್ಕ್‌ರೂಮ್ ಕೆಮಿಕಲ್‌ಗಳ ಹೆಸರು ಬಾಯಿಪಾಠ ಮಾಡಿಸ್ತಾರೆ. ಸಿಗೋದು ಬೇರೆ. ಎರಡು ವರ್ಷ ನಿಮ್ಮದೇ ಒಂದು ಮಂಚ, ಒಂದು ಲೈಬ್ರರಿ ಕಾರ್ಡು, ಬೆಳಗ್ಗೆ ಎಲ್ಲಿಗೆ ಹೋದೆ ಅಂತ ಕೇಳದ ವಾರ್ಡನ್ (ಸಂಜೆ ಕೇಳ್ತಾರೆ). ಜೊತೆಗೆ ನೀವು ಬರೆದ ಕ್ಯಾಪ್ಶನ್ ಓದಿ "ಇದು ಸುಳ್ಳು" ಅಂತ ಮುಖಕ್ಕೆ ಹೇಳೋ ಇಬ್ಬರು ರೂಮ್‌ಮೇಟ್ಸ್. ಆ ಇಬ್ಬರು ಯಾವ ಮೆಂಟರ್‌ಗಿಂತಲೂ ಮೇಲು.

ಒಬ್ಬಳು ಸೀನಿಯರ್ ಹೀಗೇ ಎಂ.ಎ.ಗೆ ಸೇರಿ ಎರಡು ವರ್ಷ ವಾರಕ್ಕೆ ಮೂರು ದಿನ ಬೀಡಿ ಕಟ್ಟೋರ ಮನೆಗೆ ಹೋಗಿ ಬಂದ್ಲು. ಹಾಜರಾತಿ ಕಷ್ಟದಲ್ಲಿ 75 ಮುಟ್ಟಿಸಿದ್ಲು. ಅವಳ ಹತ್ರ ಈಗ ಇರೋ ಫೋಟೋಗಳನ್ನ ಯಾವ ದುಬಾರಿ ಕೋರ್ಸಿನ ಫೈನಲ್ ಪ್ರಾಜೆಕ್ಟ್ ಪಕ್ಕದಲ್ಲಿ ಬೇಕಾದ್ರೂ ಇಡಿ.

ಅದಕ್ಕೇ ಹೇಳೋದು, "ಮಾಸ್ಟರ್ಸ್ ಬೇಕಾ ಬೇಡ್ವಾ" ಅನ್ನೋದು ಸಿಲಬಸ್ ನೋಡಿ ತೀರ್ಮಾನ ಮಾಡೋ ವಿಷಯವಲ್ಲ. ದುಡ್ಡು ಯಾರು ಕೊಡ್ತಿದ್ದಾರೆ, ಮನೆಯ ಬಾಗಿಲು ಎಷ್ಟು ತೆರೆದಿದೆ, ಇದನ್ನ ಮೊದಲು ಕೇಳಿ.

8/9

ಫೋಟೋ: ಪೀಣ್ಯ, ಶಿಫ್ಟ್ ಬಿಡೋ ಹೊತ್ತು.

ಸಂಸ್ಥೆ ಅಂದ್ರೇನೇ ನನಗೆ ಅಲರ್ಜಿ ಅಂತ ಅಂದ್ಕೋಬೇಡಿ. ಢಾಕಾದಲ್ಲಿ 1998ರಲ್ಲಿ ಶಹಿದುಲ್ ಆಲಂ ಶುರು ಮಾಡಿದ "ಪಾಠಶಾಲಾ" ಇದೆ. ಆಲಂ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವರು, ನಗಬೇಡಿ. ನಮ್ಮ ಜನರ ಕಥೆಯನ್ನ ನಮ್ಮವರೇ ಹೇಳಬೇಕು ಅಂತ ಹಟ ಹಿಡಿದು ಕಟ್ಟಿದ ಶಾಲೆ ಅದು. ಅಲ್ಲಿ ಕಲಿತವರು ತಸ್ಲೀಮಾ ಅಖ್ತರ್. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ ಕಾರ್ಮಿಕರು ಸತ್ತಾಗ, ಅವಶೇಷದಡಿ ಅಪ್ಪಿಕೊಂಡೇ ಸತ್ತಿದ್ದ ಇಬ್ಬರ ಫೋಟೋ ತೆಗೆದವರು ಅವರೇ. ನೀವು ನೋಡಿರ್ತೀರಿ, ಒಮ್ಮೆ ನೋಡಿದ್ರೆ ಮರೆಯೋಕಾಗಲ್ಲ.

ನನಗೆ ಮುಖ್ಯ ಅನ್ನಿಸೋದು ಆ ಫೋಟೋಗಿಂತ ಹಿಂದಿನದು. ಆಕೆ ಗಾರ್ಮೆಂಟ್ ಕಾರ್ಮಿಕರ ಸಂಘಟನೆಯಲ್ಲಿ ಇದ್ದವರು. ಕಟ್ಟಡ ಬಿದ್ದ ಮೇಲೆ ವಿಳಾಸ ಹುಡುಕ್ಕೊಂಡು ಬಂದವರಲ್ಲ. ಕ್ಯಾಮೆರಾ ಪಾಠ ಶಾಲೆ ಕೊಟ್ಟಿರಬಹುದು, ಅಲ್ಲಿ ನಿಲ್ಲೋ ಹಕ್ಕು ಕೊಟ್ಟದ್ದು ಆ ವರ್ಷಗಳು.

ನಮ್ಮಲ್ಲಿ 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ರಸ್ತೆಗಿಳಿದ್ರು. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಳ್ತು. ಅಷ್ಟು ದೊಡ್ಡ ಗೆಲುವು. ನನ್ನ ತಲೆಯಲ್ಲಿ ಉಳಿದಿರೋ ಫೋಟೋ ಮಾತ್ರ ಸುಟ್ಟ ಬಸ್ಸಿನದ್ದು. ಆ ಹೆಂಗಸರಲ್ಲಿ ಒಬ್ಬರ ಮುಖವೂ ನೆನಪಿಲ್ಲ. ನಿಮಗೆ ಇದ್ಯಾ? ಅವರ ಜೊತೆ ಮೊದಲಿಂದ ಇದ್ದ ಒಬ್ಬ ಫೋಟೋಗ್ರಾಫರ್ ಇದ್ದಿದ್ರೆ ಅಂತ ಪ್ರತಿ ಸಲ ಪೀಣ್ಯಕ್ಕೆ ಹೋದಾಗ ಅನ್ಸುತ್ತೆ.

ಎಡಿಟಿಂಗ್, ಸೀಕ್ವೆನ್ಸಿಂಗ್ ಕಲಿಯೋಕೆ ಕಣ್ಣು ಇರೋ ಯಾರಾದ್ರೂ ಎದುರಿಗೆ ಕೂರಬೇಕು, ಅದು ನಿಜ. ಅದಕ್ಕೆ ಎರಡು ವರ್ಷ ಬೇಡ. ಕಾಂಬೋಡಿಯಾದ ಆಂಕೋರ್ ಫೋಟೋ ಕಾರ್ಯಾಗಾರ 2005ರಿಂದ ಏಷ್ಯಾದ ಯುವ ಫೋಟೋಗ್ರಾಫರ್‌ಗಳಿಗೆ ಶುಲ್ಕವಿಲ್ಲದೆ ನಡೀತಾ ಬಂದಿದೆ, ಪ್ರಯಾಣ ನಿಮ್ಮದು. ಆಯ್ಕೆ ಆಗೋಕೆ ಪೋರ್ಟ್‌ಫೋಲಿಯೊ ಬೇಕು. ಡಿಗ್ರಿ ಸರ್ಟಿಫಿಕೇಟ್ ಅಲ್ಲಿ ಲೆಕ್ಕಕ್ಕಿಲ್ಲ.

9/9

ಫೋಟೋ: ಬಸ್ ಪಾಸ್, ನೋಟ್‌ಬುಕ್, ಎರಡು ಬ್ಯಾಟರಿ.

ಹಿಂದಿನ ಪೋಸ್ಟ್‌ಗಳಿಗೆ ಬಂದ ಡಿಎಂಗಳಿಗೆ ಒಟ್ಟಿಗೆ ಉತ್ತರ.

"ಟೀಚಿಂಗ್‌ಗೆ ಹೋಗ್ಬೇಕು ಅಂತಿದ್ದೀನಿ, ಆಗಲೂ ಬೇಡ್ವಾ?" ಆಗ ಬೇಕೇ ಬೇಕು. ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೆ ನೆಟ್ ಬರೆಯೋಕೆ ಮಾಸ್ಟರ್ಸ್ ಕಡ್ಡಾಯ. ಆದರೆ ಅತಿಥಿ ಉಪನ್ಯಾಸಕರು ಯಾಕೆ ಪದೇ ಪದೇ ಧರಣಿ ಕೂರ್ತಾರೆ ಅಂತ ಒಂದು ಸಲ ಹೋಗಿ ಅವರ ಫೋಟೋ ತೆಗೆದು, ಮಾತಾಡಿಸಿ, ಆಮೇಲೆ ಅರ್ಜಿ ಹಾಕಿ.

"ಮನೆಯವರೇ ದುಡ್ಡು ಕೊಡ್ತಾರೆ, ಸಾಲ ಇಲ್ಲ." ಹೋಗಿ ಬಾ ಗುರು, ನಿನ್ನ ಜೊತೆ ಜಗಳ ಇಲ್ಲ. ವಾಪಸ್ ಬಂದು "ಕಷ್ಟಪಟ್ಟು ಮೇಲೆ ಬಂದೆ" ಅಂತ ರೀಲ್ಸ್ ಮಾತ್ರ ಹಾಕ್ಬೇಡ.

"ಎಐ ಬಂದ್ಮೇಲೆ ಈ ವೃತ್ತಿನೇ ಇರಲ್ಲ ಅಲ್ವಾ?" ಪಾವಗಡದ ಆ ಹೆಂಗಸಿನ ಮನೆ ಮುಂದೆ ಎರಡು ದಿನ ಕೂತು ಬರೋಕೆ ಎಐಗೆ ಹೇಳಿ ನೋಡಿ.

"ನೆಟ್‌ವರ್ಕ್ ಸಿಗುತ್ತಲ್ಲ ಅಕ್ಕ, ದೊಡ್ಡ ಸಂಸ್ಥೆಯಲ್ಲಿ?" ಸಿಗುತ್ತೆ. ಸುಳ್ಳು ಹೇಳಲ್ಲ, ಇದೊಂದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ದೆಹಲಿಯ ಫೋಟೋ ಎಡಿಟರ್‌ಗಳ ನಂಬರ್ ಆ ಕ್ಲಾಸ್‌ರೂಮ್‌ಗಳಲ್ಲಿ ಓಡಾಡುತ್ತೆ, ನಮ್ಮ ಕ್ಲಾಸ್‌ರೂಮ್‌ಗಳಲ್ಲಿ ಓಡಾಡಲ್ಲ. ಇದು ಅನ್ಯಾಯ, ಆದರೆ ಅಪ್ಪನ ತೋಟ ಅಡ ಇಟ್ಟು ಸರಿ ಮಾಡೋ ಅನ್ಯಾಯ ಅಲ್ಲ. ನಂಬರ್ ಇದ್ದವರು ಹಂಚ್ಕೊಂಡ್ರೆ ಅರ್ಧ ಸರಿಹೋಗುತ್ತೆ. ನನ್ನ ಹತ್ರ ಮೂವರು ಎಡಿಟರ್‌ಗಳ ಆಫೀಸ್ ಇಮೇಲ್ ಇದೆ, ಪಿಚ್ ತಗೊಳ್ಳೋರು. ಒಂದೇ ವಿಷಯದ ಮೇಲೆ ಹನ್ನೆರಡು ಫೋಟೋ, ಪ್ರತಿಯೊಂದಕ್ಕೂ ಹೆಸರು, ಊರು, ದಿನಾಂಕ ಇರೋ ಕ್ಯಾಪ್ಶನ್ ಬರೆದು ಕಳಿಸಿ, ಇಮೇಲ್ ಕಳಿಸ್ತೀನಿ. ಸೂರ್ಯಾಸ್ತ ಕಳಿಸಿದ್ರೆ ಇಲ್ಲ.

ಭಾನುವಾರ ಸಂಜೆ ಏಳಕ್ಕೆ ಲೈವ್ ಬರ್ತೀನಿ, ಪಹಣಿ ಓದೋದು ಹೇಗೆ ಅಂತ. ಮನೆಯಲ್ಲಿರೋ ಒಂದು ಪ್ರತಿ ಕೈಲಿ ಹಿಡ್ಕೊಂಡು ಕೂರಿ. ಜಮೀನಿಲ್ಲದವರು ಪಕ್ಕದ ಮನೆಯವರದ್ದು ಕೇಳಿ ತನ್ನಿ, ಕೊಡ್ತಾರಾ ಇಲ್ವಾ ನೋಡೋಣ.

#ಫೋಟೋಪತ್ರಿಕೋದ್ಯಮ #ಪಿಜಿಬೇಕಾಬೇಡ್ವಾ #ಸಾಲಬೇಡ #ನಮ್ಮಬ್ಯಾಚ್ #ಪಹಣಿಪಾಠ